ಹಳದಿ ಕಣ್ಣಿನ ಮನಿ

ದವಾಖಾನಿಗೆ ಅಳಕೊಂತ ಬರೋವ್ರು ಎಷ್ಟು ಮಂದಿನೋ, ನಮ್ಮನ್ನ ನಗಿಸಿ ಹೋಗೋವ್ರೂ ಅಷ್ಟ ಮಂದಿ. ನಿಜಾಮರ ಕಾಲದಾಗ ನಾ ಲಿಂಗಸುಗೂರಿನ ದವಾಖಾನಿಯೊಳಗ ಕಂಪೌಂಡರ್ ಇದ್ದೆ. ಡಾಕ್ಟರ್ ಸಾಹೇಬ್ರಿಗೆ ಉರ್ದು ಬಿಟ್ರ ಬರ್ತಿದ್ದಿಲ್ಲ, ಬರೋ ಮಂದಿಗೆ ಕನ್ನಡ ಬಿಟ್ರ ಗೊತ್ತಿದ್ದಿಲ್ಲ. ನಡುವ ನಾನು. ನಾ ಒಂದು ಗಳಿಗಿ ಒಳಗ ಹೋದ್ರ ಸಾಕು, ಏನಾರ ಒಂದು ಆಗೇಬಿಡ್ತಿತ್ತು. ಪಾಮನಕಲ್ಲೂರಿನ ಒಂದ ಮನ್ಯವರದು ಹೇಳ್ತೀನಿ, ಕೇಳ್ರಿ.

೧. ಸಾಹೇಬ್ರ ವಿಳಾಸ

ಆ ಮನಿ ಯಜಮಾನ ಬಂದ. ಕಣ್ಣು ಅರಿಷಿಣ ಬಳದಂಗ. ನಾ ಒಳಗ ಶೀಸೆ ತೊಳಿಯಾಕತ್ತಿದ್ದೆ. ಡಾಕ್ಟರ್ ಸಾಹೇಬ್ರು ಕಣ್ಣು ನೋಡಿ, "ಯರ್‌ಖಾನ್" ಅಂದ್ರು. ಉರ್ದುವಿನಾಗ ಕಾಮಣಿ ರೋಗಕ್ಕ ಹಂಗಂತಾರ. ಯಜಮಾನ ಕೈ ಮುಗದು ಹೊಂಟ ಹೋದ. ಮೂರು ದಿನ ಬಿಟ್ಟು ತಿರುಗಿ ಬಂದು ನನಗ ಗಂಟುಬಿದ್ದ.

"ಎಲ್ಲದಾರ್ರೀ ನಿಮ್ಮ ಯರ್ ಖಾನ್ ಸಾಹೇಬ್ರು? ಊರ ತುಂಬ ಹುಡುಕೀನಿ. ನಾಕು ಮಂದಿ ಖಾನ್ ಸಾಹೇಬ್ರು ಸಿಕ್ರು. ಒಬ್ಬರು ಚಾ ಕುಡಿಸಿದ್ರು, ಔಷಧ ಮಾತ್ರ ಯಾರೂ ಕೊಡಲಿಲ್ಲ!"

೨. ಬೀಗರ ಕೈ

"ಇವರ ಮನೀ ರಕ್ತಾನ ಕಚ್ಚಾ ಐತಿ, ಮೈಯೊಳಗ ತಾನ ಒಡೀತೈತಿ. ಅಪ್ಪನಿಂದ ಮಕ್ಕಳಿಗೆ ಬರೂದು. ನನ್ನ ಹಂತ್ಯಾಕ ಔಷಧ ಇಲ್ಲ" ಅಂತ ಸಾಹೇಬ್ರು ಹೇಳಿದ್ದನ್ನ ನಾ ತಿಳಿಸಿ ಹೇಳಿದೆ. "ಹೌದ್ರಿ, ನಮ್ಮಪ್ಪಗೂ ಇತ್ತು, ನನ್ನ ಮಗಗೂ ಐತಿ. ನಮ್ಮ ಮನೀ ಕಣ್ಣ ಹಂಗ" ಅಂದ ಯಜಮಾನ, ಸೀದಾ ಮಸ್ಕಿಗೆ ಹೋದ. ಅಲ್ಲೊಬ್ಬ ಕಾಮಣಿಗೆ ಕಬ್ಬಿಣ ಕಾಸಿ ಕೈಮ್ಯಾಲೆ ಬರಿ ಹಾಕ್ತಿದ್ದ. ಹೋದಾಗೊಮ್ಮೆ ಒಂದು ಬರಿ.

ಒಂದಿನ ಬರಿ ಹಾಕಾಂವ, "ಕೈಯಾಗ ಜಾಗಾನ ಉಳದಿಲ್ಲೋ ಯಪ್ಪಾ" ಅಂದ. ಯಜಮಾನ ಹಿಂದ ತಿರುಗಿದ. ಸೊಸಿ ಅಪ್ಪ, ಗೊರೇಬಾಳದ ಬೀಗ, ಜೋಡಿ ಬಂದು ಕುಂತಿದ್ದ. ಅವನ ಕೈ ಹಿಡದು ಮುಂದ ಎಳದು, "ಇದರ ಮ್ಯಾಲೆ ಹಾಕು, ಇವರೂ ನಮ್ಮವರ" ಅಂದ!

೩. ಬೆಳ್ಳಗಾದಾಂವ

ಇದನ್ನ ಹೇಳಬೇಕೋ ಬಿಡಬೇಕೋ. ಸೊಸಿಗೆ ಆರು ತಿಂಗಳಿದ್ದಾಗ ಯಜಮಾನನ ಮಗಗ ಜ್ವರ ಬಂತು. ರಕ್ತ ಒಡದು ಒಡದು ಉಚ್ಚಿ ಕಪ್ಪಾತು, ಮಾರಿ ಸುಣ್ಣದಂಗಾತು. ಬಂಡಿಯಾಗ ಹಾಕ್ಕೊಂಡು ಬಂದ್ರು. ಯಜಮಾನ ಹಿಗ್ಗಿ ಹೇಳಿದ: "ನೋಡ್ರಿ, ನಮ್ಮ ವಂಶದಾಗ ಇಷ್ಟು ಬೆಳ್ಳಗಾದಾಂವ ಇವನ ಮೊದಲ್ನೇದಾಂವ! ಕಾಮಣಿ ಇಳೀತು!"

ಸಂಜೀಕ ಹುಡುಗ ಹೋದ. ಆ ಮಾತು ನೆನಪಾದ್ರ ಇವತ್ತಿಗೂ ನಗು ಬರ್ತೈತಿ, ನಕ್ಕಮ್ಯಾಲೆ ನನ್ನ ಮ್ಯಾಲೆ ನನಗ ಹೇಸಿಗಿ ಬರ್ತೈತಿ.

೪. ಇಲ್ಲದ ಔಷಧ

ಸೊಸಿ ಹಡದ್ಲು. ಗಂಡುಕೂಸು, ಗುಂಡಕಲ್ಲಿನಂಗ ಗಟ್ಟಿ. ಕಣ್ಣು ಹಾಲಿನಂಗ ಬಿಳೇವು. ಅತ್ತಿ ಕೂಸಿನ ಸಮೇತ ಸೊಸೀನ ದವಾಖಾನಿಗೆ ಎಳಕೊಂಡು ಬಂದ್ಲು.

"ನಮ್ಮ ಮನ್ಯಾಗ ಬಿಳಿ ಕಣ್ಣಿನವರು ಯಾರೂ ಹುಟ್ಟಿಲ್ಲ. ಇದು ನನ್ನ ಮಗನ ಕೂಸಲ್ಲ."

"ಅಮ್ಮಾ, ಎಲ್ಲಾ ಮಕ್ಕಳಿಗೂ ಬರಂಗಿಲ್ಲ. ಬರದಿದ್ರ ನಿಮ್ಮ ಪುಣ್ಯ" ಅಂದೆ.

"ಶಿವರಾತ್ರಿ ತನಕ ನೋಡ್ತೀನಿ. ಆಮ್ಯಾಲೆ ತಾಯಿ-ಮಗನ್ನ ಗೊರೇಬಾಳಕ್ಕ ಅಟ್ಟತೀನಿ, ಹೊಸ್ತಿಲಾ ತುಳಿಗೊಡಂಗಿಲ್ಲ" ಅಂತ ಮುದುಕಿ ಹೊರಗ ನಡದ್ಲು. ಸೊಸಿ ಹಿಂದ ಉಳದು, ಸಣ್ಣ ದನಿಲೆ ಕೇಳಿದ್ಲು:

"ಯಣ್ಣಾ, ಕಣ್ಣು ಹಳದಿ ಆಗೋ ಔಷಧ ಏನರ ಐತೇನ್ರಿ?"

ಎಷ್ಟೋ ವರ್ಷ ಔಷಧ ಕೊಟ್ಟೀನಿ, ಇದನ್ನ ಕೇಳಿದಾಕಿ ಆಕಿ ಒಬ್ಬಾಕಿನ.

೫. ಸಕ್ರಿ

ಶಿವರಾತ್ರಿಗೆ ಇನ್ನೂ ನಾಕು ದಿನ ಇತ್ತು. ಅತ್ತಿ-ಸೊಸಿ ಇಬ್ಬರೂ ಬಂದ್ರು. ಸೊಸಿ ಬಗಲಾಗ ಕೂಸು, ಸೆರಗಿನಾಗ ಸಕ್ರಿ. ಕಟ್ಟಿಮ್ಯಾಲೆ ಕುಂತ ರೋಗಿಗಳ ಬಾಯಿಗೆಲ್ಲಾ ಒಂದೊಂದು ಚಿಟಗಿ ಹಾಕ್ಕೊಂತ ಬಂದು, "ಯಣ್ಣಾ, ಬಾಯಿ ತೆರೀರಿ" ಅಂದ್ಲು. ತೆರದೆ.

ಸಾಹೇಬ್ರು ಕೂಸಿನ ರೆಪ್ಪಿ ಎತ್ತಿ ನೋಡಿದ್ರು. ಮಾರಿ ಸಣ್ಣದಾತು. ಮೆಲ್ಲಕ, "ಯರ್‌ಖಾನ್" ಅಂದ್ರು.

ಮುದುಕಿ ಕುಣದಾಡಿಬಿಟ್ಲು. "ಹೌದ್ರೀ ಸಾಹೇಬ್ರ! ನಮ್ಮ ಯಜಮಾನ್ರು ಊರ ತುಂಬ ಹುಡುಕಿದ್ರೂ ಸಿಕ್ಕಿದ್ದಿಲ್ಲ. ಈಗ ನೋಡ್ರಿ, ಯರ್ ಖಾನ್ ಸಾಹೇಬ್ರು ತಾವ ನಮ್ಮ ಮನಿ ಹುಡಿಕ್ಕೊಂಡು ಬಂದಾರ!"

ಕಟ್ಟಿಮ್ಯಾಲಿನ ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಗಂಡ ಹೆಂಗ ಸತ್ತ ಅಂತ ಕಣ್ಣಾರೆ ಕಂಡಿದ್ದ ಆ ಸೊಸಿ ಎಲ್ಲಾರಕಿಂತ ಜೋರಾಗಿ ನಕ್ಕಳು. ನಾ ಬಾಯಾಗ ಸಕ್ರಿ ಇಟ್ಕೊಂಡ ಒಳಗ ಹೋಗಿ ಶೀಸೆ ತೊಳಿಯಾಕತ್ತಿದೆ.