ಅಮಾವಾಸ್ಯೆಯ ನಲವತ್ತು ಸಹಿ

ಮತದಾರರ ಪಟ್ಟಿ ಒಪ್ಪಿಸುವ ಕೊನೆಯ ದಿನ ಅಮಾವಾಸ್ಯೆಗೆ ಬಿದ್ದಿತ್ತು. ದೊಡ್ಡಬಸಪ್ಪ ಮಾಸ್ತರರ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ. ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಗೆ ಅವರು ಹನ್ನೊಂದು ವರ್ಷಗಳಿಂದ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ. ಯಾರು ಸತ್ತರು, ಯಾರಿಗೆ ಹದಿನೆಂಟು ತುಂಬಿತು, ಯಾವ ಸೊಸೆ ಕುಷ್ಟಗಿಯಿಂದ ಬಂದಳು ಎಂದು ಭಾನುವಾರಗಳನ್ನೆಲ್ಲ ಮನೆ ಮನೆ ತಿರುಗಿ ಕಳೆದಿದ್ದರು. ಉಳಿದ ನಲವತ್ತು ಅರ್ಜಿಗಳಿಗೆ ಸಂಜೆ ಐದರೊಳಗೆ ಸಹಿ ಹಾಕಿಸಿ ತಂದರೆ ನಾಳೆಯೇ ಈ ಕೆಲಸದಿಂದ ಬಿಡುಗಡೆ ಎಂದು ತಹಶೀಲ್ದಾರರು ಮಾತು ಕೊಟ್ಟಿದ್ದರು.

ಬೆಳಿಗ್ಗೆ ಓಣಿಗೆ ಹೋದರೆ ಅರ್ಧ ಮನೆಗಳಿಗೆ ಬೀಗ. ಅಮಾವಾಸ್ಯೆಯಲ್ಲವೇ, ಎಲ್ಲರೂ ಕೊಪ್ಪಳದ ಗವಿಮಠಕ್ಕೆ ಹೋಗಿದ್ದರು. ಇದ್ದವರು ಚಹಾ ಕೊಟ್ಟರು, ಸಹಿ ಕೊಡಲಿಲ್ಲ. ಅಮಾವಾಸ್ಯೆಯ ದಿನ ಯಾರಾದರೂ ಸರಕಾರಿ ಕಾಗದಕ್ಕೆ ಸಹಿ ಮಾಡುತ್ತಾರೆಯೇ? ಟೇಲರ್ ಶಬ್ಬೀರನಿಗೆ ಅಮಾವಾಸ್ಯೆಯ ಹಂಗಿರಲಿಲ್ಲ. ಆದರೂ ಓಣಿಯವರು ಮಾಡದ ಕೆಲಸ ತಾನೊಬ್ಬನೇ ಮೊದಲು ಹೇಗೆ ಮಾಡುವುದೆಂದು ಹೊಲಿಗೆ ಯಂತ್ರ ತುಳಿಯತೊಡಗಿದ.

ಮುದುಕಿ ಮುದಕಮ್ಮನ ಅರ್ಜಿಯಲ್ಲಿ ಗಂಡನ ಹೆಸರು ತುಂಬಬೇಕಿತ್ತು. ಗಂಡನ ಹೆಸರು ಹೇಳುವ ರೂಢಿ ಆಕೆಗಿಲ್ಲ. ಎಂದಿನಂತೆ ಬಾಯಿಗೆ ಸೆರಗು ಹಿಡಿದು ಅಂಜನಾದ್ರಿ ಬೆಟ್ಟದ ದಿಕ್ಕಿಗೆ ಕೈ ತೋರಿಸಿದಳು. ಮಾಸ್ತರರು ಎಂದಿನಂತೆ ‘ಹನುಮಂತಪ್ಪ’ ಎಂದು ಬರೆದುಕೊಂಡರು. ಹೆಬ್ಬೆಟ್ಟು ಮಾತ್ರ ನಾಳೆ ಎಂದಳು.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ಹದಿನಾಲ್ಕು ಚಹಾ, ಚೀಲದಲ್ಲಿ ಒಂದೂ ಸಹಿ ಇಲ್ಲ. ಮಾಸ್ತರರು ಕಿರಾಣಿ ಅಂಗಡಿಯ ಶೇಖರಮ್ಮನ ಕಟ್ಟೆಯ ಮೇಲೆ ಕುಸಿದು ಕೂತು ಮನಸ್ಸಿನದನ್ನೆಲ್ಲ ಹೇಳಿಕೊಂಡರು.

“ಇವತ್ತೊಂದು ದಿನ ದಾಟಿದ್ರ ಸಾಕ್ರಿ, ಅಕ್ಕಾರ. ಈ ಕೆಲಸ ಬಿಡ್ತೈತಿ. ಐತವಾರ ಮನ್ಯಾಗ ಆರಾಮ ಮಲಗ್ತೀನಿ.”

“ಅಂದ್ರ ನಾಳಿಂದ ನಮ್ಮ ಓಣಿಗಿ ಬರೂದಿಲ್ಲೇನ್ರಿ?”

ಇಲ್ಲವೆಂದು ಮಾಸ್ತರರು ಮುಖವರಳಿಸಿದರು. ಶೇಖರಮ್ಮ ತಕ್ಕಡಿ ಕೆಳಗಿಟ್ಟಳು. ಆಮೇಲೆ ಅರ್ಜಿಗಳ ಕಟ್ಟು ಕಸಿದುಕೊಂಡು, “ನೀವು ಇಲ್ಲೇ ಅಡ್ಡಾಗ್ರಿ. ಸಹಿ ನಾ ಮಾಡಿಸ್ತೀನಿ” ಎಂದು ಹೊರಟೇಬಿಟ್ಟಳು.

ನಾಲ್ಕೂವರೆಗೆ ಕಣ್ಣು ಬಿಟ್ಟರೆ ಓಣಿಗೆ ಓಣಿಯೇ ಸಾಲು ನಿಂತಿತ್ತು. ಗವಿಮಠಕ್ಕೆ ಹೋದವರು ಫೋನು ಬಂದದ್ದೇ ಬಸ್ಸು ಹಿಡಿದು ಬಂದಿದ್ದರು. ಶಬ್ಬೀರ ಎಲ್ಲರಿಗಿಂತ ಮುಂದೆ. ಮುದಕಮ್ಮ ಶಾಯಿಯ ಬೆರಳನ್ನು ಗೋಡೆಗೆ ಒರೆಸುತ್ತಿದ್ದಳು. ಅಮಾವಾಸ್ಯೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮಾಸ್ತರರ ಕಣ್ಣು ತುಂಬಿ ಬಂತು. ಇಂಥ ಜನರನ್ನು ಬಿಟ್ಟು ಹೋಗಬೇಕಲ್ಲ ಎಂದು ಸಂಕಟವೂ ಆಯಿತು. ಓದುತ್ತ ಕೂರಲು ಹೊತ್ತಿರಲಿಲ್ಲ. ಪ್ರತಿ ಹಾಳೆಯ ಕೆಳಗೆ ‘ಪರಿಶೀಲಿಸಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿ ತಾಲ್ಲೂಕು ಕಚೇರಿಗೆ ಓಡಿದರು.

ತಹಶೀಲ್ದಾರರು ನಲವತ್ತು ಅರ್ಜಿಗಳನ್ನೂ ನೋಡಿ ತಲೆದೂಗಿದರು. ಅಡಿಯಲ್ಲಿ ಇನ್ನೊಂದು ಹಾಳೆಯಿತ್ತು. ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು: “ದೊಡ್ಡಬಸಪ್ಪ ಮಾಸ್ತರರನ್ನು ನಮ್ಮ ಓಣಿಯಿಂದ ತೆಗೆಯಬಾರದಾಗಿ ವಿನಂತಿ. ಹೊಸಬರು ಬಂದರೆ ಮುದಕಮ್ಮನವರು ಈ ವಯಸ್ಸಿನಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.” ಅದರ ಕೆಳಗೆ ನಲವತ್ತು ಸಹಿಗಳಿದ್ದವು.

ಮಾಸ್ತರರು ಇದು ತಮಗೆ ಗೊತ್ತೇ ಇಲ್ಲವೆಂದು ಅಲವತ್ತುಕೊಂಡರು.

“ಗೊತ್ತಿಲ್ಲಂದ್ರ ಹ್ಯಾಂಗ್ರಿ, ಮಾಸ್ತರ?” ತಹಶೀಲ್ದಾರರು ಹಾಳೆಯನ್ನು ಅವರತ್ತ ತಿರುಗಿಸಿದರು. “ಪರಿಶೀಲಿಸಿದೆ, ಸರಿಯಿದೆ ಅಂತ ಕೆಳಗ ನೀವ ಬರದೀರಲ್ಲ.”