ಕಂಪ್ಯೂಟರ್ ಕೈಪಿಡಿಯ ಸಪ್ತಾಹ

ದೇವರ ದಯೆ, ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಯಾವ ಕೆಲಸವೂ ಗಂಭೀರವಾಗಿ ಮುಗಿದದ್ದಿಲ್ಲ. ಸೊಸೆಯ ಕಂಪ್ಯೂಟರ್ ಕೆಲಸವಾದರೂ ಬೇರೆಯಾದೀತು ಅಂದುಕೊಂಡಿದ್ದೆ.

ಪಾಳಿ

ನಾವು ಶೆಟಗೇರಿಯವರು. ಸೊಸೆ ಕಾರವಾರದ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಲೈಬ್ರರಿಗಳಿಗೆಂದು ಹಲವು ದೇಶದವರು ಕೂಡಿ ಮಾಡಿದ, ಯಾರು ಬೇಕಾದರೂ ಬಳಸಬಹುದಾದ ಸಾಫ್ಟ್‌ವೇರ್ ಒಂದಿದೆ. ಅದರ ಕನ್ನಡ ಕೈಪಿಡಿ ಅರ್ಧಕ್ಕೆ ನಿಂತಿತ್ತು. ಹೊಸ ಆವೃತ್ತಿ ಬರುವುದರೊಳಗೆ ಮುಗಿಯದಿದ್ದರೆ ಕನ್ನಡವನ್ನೇ ಕೈಬಿಡುತ್ತೇವೆ ಎಂದು ಹೊರದೇಶದ ಮುಖ್ಯಸ್ಥೆ ಹೇಳಿಬಿಟ್ಟಿದ್ದಳು. ಹಾಗಾಗಿ ಶನಿವಾರ, ಭಾನುವಾರ ಸೊಸೆಯ ತಂಡದವರೆಲ್ಲ ಅವರವರ ಮನೆಯಿಂದಲೇ ಆನ್‌ಲೈನಿನಲ್ಲಿ ಕೂತು ಬರೆದು ಮುಗಿಸುವುದು. ಅದಕ್ಕೆ ಸ್ಪ್ರಿಂಟ್ ಅನ್ನುತ್ತಾರಂತೆ.

"ಯಾರು ಯಾವಾಗ ಕೂರ್ತೀರಿ?" ಎಂದು ಸೊಸೆ ಕೇಳಿದರೆ ಲ್ಯಾಪ್‌ಟಾಪಿನೊಳಗಿಂದ ಎಲ್ಲರದೂ ಒಂದೇ ಉತ್ತರ, "ನೋಡುವಾ, ನೋಡುವಾ."

ನನಗೆ ತಡೆಯಲಿಲ್ಲ. "ನೋಡುವಾ ಅಂದ್ರೆ ಆಗೂದಿಲ್ಲ ಮಗಾ. ಭಜನಾ ಸಪ್ತಾಹದ ಹಾಗೆ ಪಾಳಿ ಹಾಕು. ಮುಂದಿನವ ತಾಳ ಹಿಡಿಯೂವರೆಗೆ ಹಿಂದಿನವ ಕೆಳಗಿಡಬಾರದು."

ಒಳಗಿಂದ ಮಾಜಾಳಿಯವನೊಬ್ಬ, "ಹಾಗಂತ ಮೊದಲೇ ಹೇಳೂದಲ್ವಾ ಮಾರಾಯ್ರೆ! ನಾವು ಇದೇನೋ ಕಂಪ್ಯೂಟರ್ ಕೆಲಸ ಅಂದ್ಕಂಡಿದ್ವಿ" ಅಂದ.

ಊಟದ ಏರ್ಪಾಡು

ಮರುದಿನ ತಂಡದಲ್ಲಿದ್ದ, ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಂಕೋಲೆಯ ಅಕ್ಕೋರು ಕೇಳಿದರು, "ಊಟ ಎಲ್ಲಿ?"

"ಅವರವರ ಮನೆಯಲ್ಲೇ ಅಕ್ಕೋರೆ" ಅಂದಳು ಸೊಸೆ.

"ಒಟ್ಟಿಗೆ ಊಟ ಇಲ್ದೆ ಇದೆಂಥಾ ಕಾರ್ಯಕ್ರಮ ಮಾರಾಯ್ತಿ?"

ನನಗೂ ಸರಿ ಅನ್ನಿಸಿತು. ಸಪ್ತಾಹವೆಂದ ಮೇಲೆ ಸಾತ್ವಿಕ ಊಟ. ಎಲ್ಲರ ಮನೆಯಲ್ಲೂ ಅನ್ನ, ದಾಳಿತೋವೆ, ಪಾಯಸ, ಎಲ್ಲರೂ ಕ್ಯಾಮೆರಾ ಮುಂದೆ ಒಟ್ಟಿಗೆ ಉಣ್ಣುವುದು ಎಂದು ನಿರ್ಣಯವಾಯಿತು.

ಭಾನುವಾರ ಮಧ್ಯಾಹ್ನ ಪರದೆಯಲ್ಲಿ ಸದಾಶಿವಗಡದ ಗುಮಾಸ್ತನೊಬ್ಬನ ಚೌಕ ಮಾತ್ರ ಕಪ್ಪು. "ಕ್ಯಾಮೆರಾ ಹಚ್ಚು ತಮ್ಮಾ" ಅಂದರು ಅಕ್ಕೋರು.

"ನೆಟ್‌ವರ್ಕೇ ಇಲ್ಲ ಅಕ್ಕೋರೆ. ಏನೂ ಬರೂದಿಲ್ಲ."

ಬಂಗಡೆ ಮೀನು ಹುರಿಯುವ ಸದ್ದು ಮಾತ್ರ ಬಹಳ ಸ್ಪಷ್ಟವಾಗಿ ಬರುತ್ತಿತ್ತು.

ಬಸ್ಸಿನಲ್ಲಿ ತಾಳ

ಬಂಗಡೆ ಉಂಡ ಗುಮಾಸ್ತ ನಿದ್ದೆಗೂ ಬಿದ್ದ. ಅವನ ಪಾಳಿ ಬಂದರೂ ಆಸಾಮಿ ಇಲ್ಲ. ಅವನ ಹಿಂದಿನ ಪಾಳಿಯ ಮಾಜಾಳಿಯವನಿಗೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಬೇಕು, ಆದರೆ ತಾಳ ಕೆಳಗಿಡುವ ಹಾಗಿಲ್ಲ. ಲ್ಯಾಪ್‌ಟಾಪ್ ತೆರೆದುಕೊಂಡೇ ಬಸ್ ಹತ್ತಿದ.

ಕಂಡಕ್ಟರ್ ಟಿಕೆಟ್ ಕೇಳಿದರೆ, "ಸ್ವಲ್ಪ ತಡೀರಿ, ಸಪ್ತಾಹದ ಪಾಳಿಯಲ್ಲಿದ್ದೇನೆ, ಮುಂದಿನವ ಬರ್ಲಿಲ್ಲ" ಅಂದನಂತೆ. ಕಂಡಕ್ಟರನೂ ನಮ್ಮ ಕಡೆಯವನೇ. ಕಿಟಕಿ ಬದಿಯ ಪ್ರಯಾಣಿಕನಿಗೆ, "ಏಳಿ ಏಳಿ, ಅವ್ರಿಗೆ ಸಿಗ್ನಲ್ ಸಿಗ್ಲಿ. ಸಪ್ತಾಹ ನಿಂತ್ರೆ ಪಾಪ ನಮ್ಮ ಬಸ್ಸಿಗೆ!"

ಮಂಗಳ

ಭಾನುವಾರ ಸಂಜೆಯೊಳಗೆ ಕೈಪಿಡಿ ಮುಗಿಯಿತು. ಮುಖ್ಯಸ್ಥೆ ತಾನೂ ಪರದೆಗೆ ಬಂದು ಎಲ್ಲರಿಗೂ ವಂದನೆ ಹೇಳಿದಳು. ಆದರೆ ಯಾರೂ ಏಳಲಿಲ್ಲ, ಕೈಯೂ ನಿಲ್ಲಿಸಲಿಲ್ಲ. ಮತ್ತೆ ಮೊದಲ ಪುಟದಿಂದ ಶುರು. ಅಕ್ಕೋರು 'ಕ್ಲಿಕ್ ಮಾಡಿ' ಅಂತಿದ್ದದ್ದನ್ನು 'ಒತ್ತಿರಿ' ಮಾಡಿದರು. ನಿದ್ದೆಯಿಂದೆದ್ದ ಗುಮಾಸ್ತ ಅದನ್ನು ಪುನಃ 'ಕ್ಲಿಕ್' ಮಾಡಿದ.

ಅತ್ತ ಮುಖ್ಯಸ್ಥೆಗೆ ಗಾಬರಿ. ತಿದ್ದುವುದು ನಿಂತರಷ್ಟೇ ಅವಳು ಕೈಪಿಡಿಯನ್ನು ಹೊಸ ಆವೃತ್ತಿಗೆ ಸೇರಿಸಬಹುದು. ಗಡುವು ಮುಗಿಯುತ್ತ ಬಂದಿತ್ತು.

ಸೊಸೆಯ ಕಣ್ಣಲ್ಲಿ ನೀರು. "ಮಾವಾ, ಇಷ್ಟೆಲ್ಲ ಮಾಡಿ ಕನ್ನಡ ಹೋಗ್ತದೆ! ಶುರು ಮಾಡ್ಸಿದ್ದು ನೀವೇ, ನಿಲ್ಲಿಸೂದೂ ನೀವೇ."

"ನಾ ಹೇಳಿದ್ರೆ ನಿಲ್ತಾರಾ ಮಗಾ? ಮಂಗಳಾರತಿ ಆಗ್ಬೇಕಲ್ಲ."

ದೇವರ ಕೋಣೆಯಿಂದ ಆರತಿ, ಗಂಟೆ ತಂದು ಲ್ಯಾಪ್‌ಟಾಪಿನ ಮುಂದೆ ನಿಂತು ಬಾರಿಸಿದೆ. ಅಷ್ಟೂ ಚೌಕಗಳಲ್ಲಿ ಜನ ದಡಬಡಿಸಿ ಎದ್ದು ಕೈ ಮುಗಿದರು. ಅದೇ ಗಳಿಗೆಗೆ ಮುಖ್ಯಸ್ಥೆ ಗುಂಡಿ ಒತ್ತಿದಳು. ಕನ್ನಡ ಉಳಿಯಿತು! ಎಲ್ಲರೂ ಪರದೆಗೆ ಕೈಯೊಡ್ಡಿ ಆರತಿ ತೆಗೆದುಕೊಂಡರು. ಪಾಪ, ಮುಖ್ಯಸ್ಥೆಯೂ ತನ್ನ ಮೇಜಿನ ದೀಪಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡಳು.

ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಎಲ್ಲ ಭಾಷೆಯ ತಂಡಗಳಿಗೂ ಸೂಚನೆ ಕಳಿಸಿದಳು: ಸ್ಪ್ರಿಂಟ್ ನಡೆಸುವವರ ಮಾವ ಕೊನೆಯಲ್ಲಿ ಗಂಟೆ ಬಾರಿಸಬೇಕು.

ಮೊನ್ನೆ ಯಾವುದೋ ದೇಶದಿಂದ ಸೊಸೆಗೆ ಪ್ರಶ್ನೆ ಬಂದಿದೆ: "ನಮ್ಮಲ್ಲಿ ಗಂಟೆ ಇದೆ. ನನಗಿನ್ನೂ ಮದುವೆಯಾಗಿಲ್ಲ. ನಿಮ್ಮ ಮಾವ ಬಿಡುವಾಗಿದ್ದಾರೆಯೇ?"