ಆಳಂದ ಕಡೆಯ ಮೂಲೆ

ಕಲ್ಯಾಣಪ್ಪ: ಅದು ಕುಡಿಯೋ ನೀರಲ್ಲ ಬೇ.

ಸುಮಿತ್ರಾಬಾಯಿ: ಕುಡದಾರಂದ್ರ ಕುಡದಾರ. ಈಗ ಬೀಗರ ಹೊಟ್ಟಿ ಕೊಯ್ದು ತಗಿಯಾಕ ಬರ್ತದೇನು?

ಕಲ್ಯಾಣಪ್ಪ: ಯಾವ ಬಾಟ್ಲಿದು ಕೊಟ್ಟಿ?

ಸುಮಿತ್ರಾಬಾಯಿ: ಮಾಡದಾಗಿನ ಕಡೀದು. ಕರಜಗಿದು ಅಂತ ತಿಳಕೊಂಡೆ.

ಕಲ್ಯಾಣಪ್ಪ: ಕರಜಗಿದು ಆದ್ರ ಕೊಡಬೋದೇನು?

ಸುಮಿತ್ರಾಬಾಯಿ: ಕರಜಗಿದು ಹೋದ ದೀಪಾವಳಿಗೇ ಬ್ಯಾಳಿ ಕುದಿಸೀನಿ. ನೀವೂ ಎರಡ ಸಲ ಹಾಕಿಸ್ಕೊಂಡ್ರಿ. ಆಮ್ಯಾಲ ಬಾವಿ ನೀರ ತುಂಬಿ ಇಟ್ಟೀನಿ.

ಕಲ್ಯಾಣಪ್ಪ ಮಾಸ್ತರರು ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತರು. ದೀಪಾವಳಿಯಿಂದ ಈಚೆಗೆ ಮನೆಗೆ ಬಂದವರಿಗೆಲ್ಲ ಆ ಕರಜಗಿ ಊರಿನ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ಶಾಲಾ ತಪಾಸಣೆಗೆ ಬಂದ ಸಾಹೇಬರಿಗೂ ತೋರಿಸಿದ್ದರು.

ಮಟಕಿಯ ಪ್ರಾಥಮಿಕ ಶಾಲೆಗೆ ಬೇಸಿಗೆ ರಜೆ ಬಿಟ್ಟಿತೆಂದರೆ ಬೇರೆ ಮಾಸ್ತರರು ಮಾವನ ಮನೆಗೆ ಹೋಗುತ್ತಿದ್ದರು, ಇವರು ಬಿರುಗಾಳಿಯ ಬೆನ್ನು ಹತ್ತುತ್ತಿದ್ದರು. ಯುಗಾದಿಯಿಂದ ರೋಹಿಣಿ ಮಳೆಯ ತನಕ ಇದೇ ಕೆಲಸ. ತಲೆಗೆ ಟವೆಲು ಸುತ್ತಿ, ಫಟಫಟಿ ಹತ್ತಿ, ಅಫಜಲಪುರದ ಕಡೆಗೋ ಜೇವರ್ಗಿಯ ಕಡೆಗೋ ಹೊರಟರೆ ಸಂಜೆ ತೋಯ್ದು ತೊಪ್ಪೆಯಾಗಿ ಬರುತ್ತಿದ್ದರು. ಕೈಯಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಆಣೆಕಲ್ಲು. ಮನೆ ಮುಟ್ಟುವುದರೊಳಗೆ ಅದು ನೀರಾಗಿರುತ್ತಿತ್ತು. ಆ ನೀರನ್ನು ಬಾಟಲಿಗೆ ತುಂಬಿ, ಊರು ತಾರೀಖು ಬರೆದ ಚೀಟಿ ಅಂಟಿಸಿ, ಗೋಡೆಯ ಮಾಡದಲ್ಲಿ ಸಾಲಾಗಿ ಇಡುತ್ತಿದ್ದರು. ಮುಂಗಾರಿನ ಬಗ್ಗೆ ಅವರಿಗೆ ಗೌರವವಿರಲಿಲ್ಲ. ಅದು ಪಂಚಾಂಗ ನೋಡಿಕೊಂಡು ಬರುವ ಮಳೆ, ಬಸ್ಸಿನ ಹಾಗೆ, ಅದರ ಬೆನ್ನು ಹತ್ತುವುದೇನು ಎನ್ನುತ್ತಿದ್ದರು. ಹನ್ನೆರಡು ಬೇಸಿಗೆ ಹೀಗೇ ಕಳೆದಿದ್ದವು. ಸುತ್ತಲ ಊರುಗಳಲ್ಲಿ ಅವರ ಹೆಸರೇ ಗಾಳಿ ಮಾಸ್ತರ ಎಂದಾಗಿ, ಸುಮಿತ್ರಾಬಾಯಿ ಸಂತೆಯಲ್ಲಿ ಗಾಳಿ ಮಾಸ್ತರನ ಹೆಂಡತಿಯಾಗಿದ್ದಳು. ಅದಕ್ಕೆ ಅವಳಿಗೆ ಸಿಟ್ಟಿತ್ತು.

ಈಗ ಪಡಸಾಲೆಯಲ್ಲಿ ಕುಳಿತು ನೀರು ಕುಡಿದವರು ಅತನೂರಿನ ಜಗದೇವಪ್ಪ. ಮಗಳು ಶಾರದಾಳನ್ನು ಕೊಡುವ ಮನೆಯ ಯಜಮಾನರು. ಬರುವ ಬುಧವಾರ ಅವರ ಮನೆಯ ಮುಂದೆಯೇ ಹಂದರ ಹಾಕಿ ಮದುವೆ.

ಜಗದೇವಪ್ಪ: ನೀರು ಭಾಳ ತಂಪದ ನೋಡ್ರಿ ಅಕ್ಕಾರ. ಯಾವ ಬಾವೀದ್ರಿ?

ಸುಮಿತ್ರಾಬಾಯಿ ಗಂಡನ ಮುಖ ನೋಡಿದಳು. ಮಾಸ್ತರರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ.

ಕಲ್ಯಾಣಪ್ಪ: ನಿಮ್ಮೂರಂದೇ ಅದರಿ.

ಜಗದೇವಪ್ಪ: ನಮ್ಮೂರಂದ? ನಮ್ಮೂರ ನೀರು ಸವಳು.

ಕಲ್ಯಾಣಪ್ಪ: ಇದು ಮ್ಯಾಲಿಂದು. ಹೋದ ವರ್ಷ ಏಪ್ರಿಲ್ ಇಪ್ಪತ್ತೆರಡು, ಸಂಜಿ ನಾಕೂವರಿಗಿ.

ಜಗದೇವಪ್ಪ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಆ ದಿನ, ಅದೇ ಹೊತ್ತಿಗೆ ಅವರ ಮನೆಯ ದನದ ಕೊಟ್ಟಿಗೆಯ ಎಂಟು ತಗಡು ಹಾರಿಹೋಗಿದ್ದವು. ಒಂದು ಮಾತ್ರ ಸಿಕ್ಕಿತ್ತು, ಅದೂ ಬೇರೆಯವರ ಹೊಲದಲ್ಲಿ.

ಜಗದೇವಪ್ಪ: ನಮ್ಮ ತಗಡ ಒಯ್ದ ಮಳಿ ಏನ್ರಿ ಇದು?

ಕಲ್ಯಾಣಪ್ಪ: ತಗಡ ಒಯ್ದದ್ದು ಗಾಳಿರಿ. ಇದು ಬರೇ ಆಣಿಕಲ್ಲ.

ಜಗದೇವಪ್ಪ: ಆಗ್ಲಿ. ನೀವೇ ಮಾತ ತಗದ್ರಿ, ಚಲೋ ಆಯ್ತು. ನಾ ಅದಕ್ಕ ಬಂದೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಬುಧವಾರ ಅಕ್ಕಿಕಾಳ ಬೀಳೋ ತನಕ ನೀವು ಅತನೂರಾಗ ಕಾಲಿಡಬಾರ್ದು.

ಸುಮಿತ್ರಾಬಾಯಿ: ಹುಡುಗಿ ಅಪ್ಪ ಇಲ್ದ ಲಗ್ನ ಯಾವೂರಾಗ ಆಗ್ಯಾದ್ರಿ?

ಜಗದೇವಪ್ಪ: ಅಕ್ಕಾರ, ಎಂಬತ್ತಮೂರಾಗ ಮಾಸ್ತರ ಬಂದ್ರು, ನಮ್ಮ ಬಾಳಿ ತ್ವಾಟ ಪೂರಾ ಮಲಗ್ತು. ಎಂಬತ್ನಾಕಾಗ ಬಂದ್ರು, ಜ್ವಾಳದ ಕಣಿಕಿ ಬಣವಿ ಹಾರ್ತು. ಹೋದ ವರ್ಷ ತಗಡ. ನಮ್ಮೂರಾಗ ಇವರ ಫಟಫಟಿ ಸಪ್ಪಳ ಕೇಳಿದ್ರ ಹೆಣ್ಣಮಕ್ಕಳು ಒಣಾಕ ಹಾಕಿದ್ದ ಅರಬಿ ಒಳಗ ತಗೋತಾರ.

ಕಲ್ಯಾಣಪ್ಪ: ನಾ ಗಾಳಿ ತರಂಗಿಲ್ರಿ ಬೀಗರ. ಅದರ ಬೆನ್ನ ಹತ್ತಿ ಬರ್ತೇನಿ.

ಜಗದೇವಪ್ಪ: ಬೆನ್ನ ಹತ್ತಿದವ ಹಿಂದ ಬರಬೇಕಲ್ರಿ. ನೀವು ಅರ್ಧ ತಾಸು ಮೊದಲ ಬಂದು ನಮ್ಮ ಹೋಟೆಲಿನ್ಯಾಗ ಚಾ ಕುಡೀತಿರ್ತೀರಿ. ಆಮ್ಯಾಲ ಗಾಳಿ ಬರ್ತದ. ಅಂದ್ರ ಯಾರ ಬೆನ್ನ ಯಾರು ಹತ್ತ್ಯಾರ?

ಸುಮಿತ್ರಾಬಾಯಿ ಬೀಗರ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ.

ಜಗದೇವಪ್ಪ: ನನಗ ನಂಬಿಕಿ ಇಲ್ಲ ಅಂತೇ ತಿಳಕೋರಿ. ಆದ್ರ ಊರ ಮಂದಿ ಹಂದರಕ್ಕ ಗಳ ಕೊಡವಲ್ರು. ಮಾಸ್ತರ ಬರ್ತಾರ ಅಂದ್ರ ಲಗ್ನ ಮುಂದಿನ ವರ್ಷಕ್ಕ ಇಟ್ಕೋರಿ ಅಂತಾರ.

ಕಲ್ಯಾಣಪ್ಪ: ಮುಂದಿನ ವರ್ಷ ಯಾಕ್ರಿ. ಬುಧವಾರನ ಆಗ್ಲಿ. ನಾ ಅವತ್ತ ಜೇವರ್ಗಿ ಕಡಿ ಹೋಗ್ತೇನಿ.

ರಜೆ ಅರ್ಜಿಗೆ ಸಹಿ ಹಾಕಿದಷ್ಟು ಸಪ್ಪಗೆ ಹೇಳಿದರು. ಆದರೆ ಅವರ ಹೆಬ್ಬೆರಳು ಕೈಯಲ್ಲಿದ್ದ ಅತನೂರ ಖಾಲಿ ಬಾಟಲಿಯ ಚೀಟಿಯನ್ನು ಕೆರೆಯುತ್ತಿತ್ತು. ಆ ಚೀಟಿಗೆ ಯಾರಾದರೂ ಒದ್ದೆ ಕೈ ತಾಗಿಸಿದರೆ ಎರಡು ದಿನ ಮಾತು ಬಿಡುವ ಮನುಷ್ಯ. ಸುಮಿತ್ರಾಬಾಯಿ ಅದನ್ನು ನೋಡಿದಳು. ಸಂಕಟವಾದಾಗ ಬೈಯುವುದು ಅವಳ ಸ್ವಭಾವ.

ಸುಮಿತ್ರಾಬಾಯಿ: ಜೇವರ್ಗಿಗಿ ಹೋಗ್ತಾರಂತ. ಮಗಳ ಲಗ್ನ ಬಿಟ್ಟು ಗಾಳಿ ನೋಡಾಕ. ಬುಧವಾರ ಫಟಫಟಿ ಕೀಲಿ ನನ್ನ ಸಂಚ್ಯಾಗ ಇರ್ತದ, ನೆಪ್ಪಿರ್ಲಿ.

ಕಲ್ಯಾಣಪ್ಪ: ಬೀಗರು ಬ್ಯಾಡ ಅನ್ನಾಕತ್ತಾರಲ್ಲ.

ಸುಮಿತ್ರಾಬಾಯಿ: ಅವರು ಯಾಕ ಬ್ಯಾಡ ಅಂತಾರ? ನೀವು ಮೊದಲ ಹೋಗ್ತೀರಿ, ಅದಕ್ಕ. ನಿಮಗ ಮೊದಲ ಹ್ಯಾಂಗ ತಿಳೀತದ? ಅದನ್ನ ಹೇಳ್ರಿ, ಮುಗೀತು.

ಮಾಸ್ತರರು ಬಾಟಲಿಯ ಮುಚ್ಚಳ ಬಿಗಿ ಮಾಡಿದರು.

ಜಗದೇವಪ್ಪ: ಮಂತ್ರ ಗಿಂತ್ರ ಇದ್ರ ಹೇಳಬ್ಯಾಡ್ರಿ ಮತ್ತ. ನಾವು ಲಿಂಗವಂತರು, ಅದನ್ನೆಲ್ಲ ನಂಬಂಗಿಲ್ಲ. ನಂಬಂಗಿಲ್ಲ ಅಂದ್ರೂ ಅಂಜಿಕಿ ಬರ್ತದ.

ಕಲ್ಯಾಣಪ್ಪ: ಮಂತ್ರ ಅಲ್ರಿ.

ಸುಮಿತ್ರಾಬಾಯಿ: ಮತ್ತೇನು? ಮೋಡದ ಬಣ್ಣ ನೋಡ್ತೀರಾ?

ಕಲ್ಯಾಣಪ್ಪ: ಮೋಡ ಇರಂಗಿಲ್ಲ ಆವಾಗ. ಕಣ್ಣ ಕುಕ್ಕೋವಂಥ ಬಿಸಲಿರ್ತದ.

ಸುಮಿತ್ರಾಬಾಯಿ: ರೇಡಿಯೋದಾಗ ಹೇಳ್ತಾರಾ?

ಕಲ್ಯಾಣಪ್ಪ: ರೇಡಿಯೋ ಕೆಟ್ಟು ನಾಕ ವರ್ಷ ಆಯ್ತು. ನೀನೇ ಅದರ ಮ್ಯಾಲ ಉಪ್ಪಿನಕಾಯಿ ಭರಣಿ ಇಟ್ಟೀದಿ.

ಜಗದೇವಪ್ಪ: ಮತ್ತ?

ಮಾಸ್ತರರು ಮಾಳಿಗೆಯ ಮೆಟ್ಟಿಲ ಕಡೆ ನೋಡಿದರು. ಆಮೇಲೆ ನೆಲ ನೋಡಿದರು.

ಕಲ್ಯಾಣಪ್ಪ: ಇಕಿ ಸಂಡಿಗಿ ತಗದ್ರ ನಾ ಫಟಫಟಿ ತಗೀತೇನಿ.

ಜಗದೇವಪ್ಪ: ಏನಂದ್ರಿ?

ಕಲ್ಯಾಣಪ್ಪ: ಮಾಳಗಿ ಮ್ಯಾಲ ಧೋತರ ಹಾಸಿ ಸಂಡಿಗಿ ಇಡ್ತಾಳಲ್ರಿ. ಕೆಲವು ದಿನ ಮಧ್ಯಾಹ್ನಕ್ಕ, ಸುಡು ಬಿಸಲಾಗೇ ಬಳದು ಒಳಗ ತರ್ತಾಳ. ಅವತ್ತ ಎಲ್ಲ್ಯಾದ್ರೂ ಒಂದು ಕಡಿ ಗಾಳಿ ಏಳ್ತದ. ಹನ್ನೆರಡು ವರ್ಷದಾಗ ಒಂದ ಸಲ ಸುದ್ದಾ ತಪ್ಪಿಲ್ಲ.

ಜಗದೇವಪ್ಪ: ಯಾವ ಕಡಿ ಅಂತ ಹ್ಯಾಂಗ ತಿಳೀತದ?

ಕಲ್ಯಾಣಪ್ಪ: ಯಾವ ಮೂಲಿಯಿಂದ ತಗಿಯಾಕ ಸುರು ಮಾಡ್ತಾಳ, ಆ ಕಡಿ. ಅಫಜಲಪುರ ಕಡಿ ಮೂಲಿ ಆದ್ರ ನಿಮ್ಮೂರು ಇಲ್ಲಾ ಕರಜಗಿ. ಬೇವಿನ ಗಿಡದ ಕಡಿ ಆದ್ರ ಜೇವರ್ಗಿ.

ಸುಮಿತ್ರಾಬಾಯಿ ಕಂಬಕ್ಕೆ ಒರಗಿ ಕುಳಿತಳು. ಸಂಡಿಗೆಯ ತಳ ಬೆವರಿದರೆ ತೆಗೆಯಬೇಕು, ಬೆವರಿದ ಮೂಲೆಯಿಂದಲೇ ಮೊದಲು ತೆಗೆಯಬೇಕು. ಅವಳ ಕೈಗೆ ಅಷ್ಟು ಗೊತ್ತಿತ್ತು, ಯಾರೂ ಕಲಿಸಿದ್ದಲ್ಲ. ಆದರೆ ತೆಗೆದ ಮೇಲೆ ಮಟಕಿಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಬಿಸಿಲಿಗೆ ಹೆದರಿ ಸಂಡಿಗೆ ಒಳಗಿಡುವ ಸೊಸೆ ಎಂದು ಅತ್ತೆ ಸಾಯುವ ತನಕ ಆಡಿಕೊಂಡಳು. ಓಣಿಯ ಹೆಂಗಸರು ಈಗಲೂ ನಗುತ್ತಾರೆ. ಹನ್ನೆರಡು ಬೇಸಿಗೆ ತನ್ನ ಕೈಯೇ ಸುಳ್ಳೆಂದು ಅವಳೂ ನಂಬಿಕೊಂಡಿದ್ದಳು. ತಾನು ಒಂದು ಸಲವೂ ತಪ್ಪಿರಲಿಲ್ಲವೆಂಬುದು ಈ ಮನುಷ್ಯನಿಗೆ ಮಾತ್ರ ಗೊತ್ತಿತ್ತು.

ಸುಮಿತ್ರಾಬಾಯಿ: ಇಷ್ಟ ವರ್ಷ ಒಂದ ಮಾತ ಹೇಳಬಾರ್ದಾಗಿತ್ತಾ?

ಕಲ್ಯಾಣಪ್ಪ: ಹೇಳಿದ್ರ ನೀ ಬೇಕಂತ ಬ್ಯಾರೆ ಮೂಲಿಯಿಂದ ತಗೀತಿದ್ದಿ.

ಅದೂ ಖರೆಯೇ ಆಗಿತ್ತು.

ಜಗದೇವಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡರು.

ಜಗದೇವಪ್ಪ: ಅಂದ್ರ ಇದರಾಗ ಮಾಸ್ತರದ್ದು ತಪ್ಪಿಲ್ಲ.

ಕಲ್ಯಾಣಪ್ಪ: ಇಲ್ರಿ.

ಜಗದೇವಪ್ಪ: ಎಲ್ಲಾ ಅಕ್ಕಾರಿಂದು.

ಕಲ್ಯಾಣಪ್ಪ: ಹೌದ್ರಿ.

ಜಗದೇವಪ್ಪ: ಹಂಗಾದ್ರ ಮಾಸ್ತರ ಲಗ್ನಕ್ಕ ಬರ್ಲಿ. ಅಕ್ಕಾರ, ನೀವು ಬರಬ್ಯಾಡ್ರಿ.

ಸುಮಿತ್ರಾಬಾಯಿ: ಬರಂಗಿಲ್ಲ. ನಿಮ್ಮ ಹಂದರ ಹಾರ್ತದೋ ಉಳೀತದೋ ಅವತ್ತ ಯಾರಿಗಿ ಕೇಳ್ತೀರಿ?

ಜಗದೇವಪ್ಪ ಎದ್ದು ನಿಂತವರು ಮತ್ತೆ ಕುಳಿತರು. ಇಷ್ಟೊತ್ತು ಗಾಳಿ ಬರುವುದನ್ನು ತಡೆಯುವ ಯೋಚನೆಯಲ್ಲಿದ್ದರು, ಮೊದಲೇ ತಿಳಿದುಕೊಳ್ಳಬಹುದೆಂಬುದು ಅವರ ತಲೆಗೆ ಹೋಗಿರಲಿಲ್ಲ.

ಜಗದೇವಪ್ಪ: ಇಬ್ಬರೂ ಬರ್ರಿ. ಸಂಡಿಗಿ ಹಿಟ್ಟ ಮರೀಬ್ಯಾಡ್ರಿ.

ಬುಧವಾರ ಅತನೂರಿನಲ್ಲಿ ಮದುಮಗಳನ್ನು ನೋಡಿದವರಿಗಿಂತ ಮಾಳಿಗೆ ನೋಡಿದವರೇ ಹೆಚ್ಚು. ಸುಮಿತ್ರಾಬಾಯಿ ಮುಂಜಾನೆಯೇ ಬೀಗರ ಮಾಳಿಗೆ ಏರಿ, ಧೋತರ ಹಾಸಿ, ರೇಷ್ಮೆ ಸೀರೆಯಲ್ಲೇ ಕುಳಿತು ಸಂಡಿಗೆ ಇಟ್ಟಿದ್ದಳು. ಹೆಣ್ಣಿನ ಕಡೆಯವರು ಟ್ರಾಕ್ಟರಿನಲ್ಲಿ ಬಂದಿದ್ದರು, ಮಾಸ್ತರರು ಅದರ ಹಿಂದೆ ಫಟಫಟಿಯಲ್ಲಿ. ಊರ ಹೆಂಗಸರು ರೂಢಿಯಂತೆ ಒಣಗಲು ಹಾಕಿದ ಬಟ್ಟೆಗಳನ್ನು ಒಳಗೆ ತೆಗೆದುಕೊಂಡಿದ್ದರು. ಮುಹೂರ್ತ ಹನ್ನೆರಡೂ ಮೂವತ್ತೈದಕ್ಕೆ. ಹನ್ನೆರಡಾದ ಮೇಲೆ ಸುಮಿತ್ರಾಬಾಯಿ ಮತ್ತೊಮ್ಮೆ ಮಾಳಿಗೆ ಏರಿದಳು. ಒಂದು ಸಂಡಿಗೆ ಎಬ್ಬಿಸಿ ತಳಕ್ಕೆ ಬೆರಳು ಒತ್ತಿ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂಡಿಗೆಯನ್ನು ಬಳಿದು ತೆಗೆಯತೊಡಗಿದಳು.

ವಾಲಗ ನಿಂತಿತು.

ಜಗದೇವಪ್ಪ: ಅಕ್ಕಾರ, ಹಂದರ ಬಿಚ್ಚೋಣೇನ್ರಿ?

ಸುಮಿತ್ರಾಬಾಯಿ: ಬ್ಯಾಡ್ರಿ. ಇಲ್ಲಿ ಅಲ್ಲ.

ಜಗದೇವಪ್ಪ: ಮತ್ತ ಎಲ್ಲಿ?

ಸುಮಿತ್ರಾಬಾಯಿ: ಎಲ್ಲೋ ದೂರ. ನಿಮಗ ಫಿಕರಿಲ್ಲ, ವಾಲಗ ಊದಾಕ ಹೇಳ್ರಿ.

ಅವಳು ಬಳಿಯಲು ಸುರು ಮಾಡಿದ್ದು ಆಳಂದ ಕಡೆಯ ಮೂಲೆಯಿಂದ. ಅತನೂರಿನಲ್ಲಿ ನಿಂತವರಿಗೆ ಆಳಂದ ಕಡೆ ಎಂದರೆ ಮಟಕಿ. ಹನ್ನೆರಡು ವರ್ಷ ಕಾದರೂ ಮನೆಯ ಬಾಗಿಲಿಗೆ ಬಾರದ ಗಾಳಿ, ಮನೆಗೆ ಬೀಗ ಹಾಕಿದ ದಿನ ಬರುತ್ತಿತ್ತು. ಗಂಡ ನೋಡದಿರಲಿ ಎಂದುಕೊಂಡು ಅವಳು ಕೆಳಗೆ ಬಗ್ಗಿ ನೋಡಿದಳು. ಮಾಸ್ತರರು ಹಂದರದ ಕಂಬದ ಬಳಿ, ಕೊರಳಿಗೆ ಶಲ್ಯ ಹಾಕಿಕೊಂಡು ನಿಂತಿದ್ದರು. ಎತ್ತಲೋ ನೋಡುತ್ತಿದ್ದರು. ಅಕ್ಕಿಕಾಳು ಬೀಳುವಾಗ ಎಲ್ಲರಿಗಿಂತ ಮುಂದೆ ಅವರೇ ಇದ್ದರು. ಮಗಳು ಕಾಲಿಗೆ ಬಿದ್ದಾಗ ಅವರ ಕಣ್ಣು ಒದ್ದೆಯಾಯಿತು. ಬಿಸಿಲೆಂದು ಹೇಳಿ ಶಲ್ಯದಿಂದ ಒರೆಸಿಕೊಂಡರು.

ಸಂಜೆಯ ಬಸ್ಸಿಗೆ ಮಟಕಿಯ ಟೇಲರ್ ಯಾಕೂಬಸಾಬ ಬಂದಿಳಿದ. ಮದುಮಗಳ ಕುಪ್ಪಸ ಹೊಲಿದು ಮುಗಿಸುವುದು ಅವನಿಗೆ ಅಂದೇ ಮಧ್ಯಾಹ್ನ ಸಾಧ್ಯವಾಗಿತ್ತು.

ಯಾಕೂಬಸಾಬ: ಮಾಫ್ ಮಾಡ್ರಿ ಮಾಸ್ತರ, ತಡ ಆಯ್ತು. ಊರಾಗ ಆಣಿಕಲ್ಲ, ಬಸ್ಸ ನಿಂತೇ ಬಿಡ್ತು. ಲಿಂಬಿಹಣ್ಣಿನಷ್ಟು ದಪ್ಪ. ನಿಮ್ಮ ಅಂಗಳ ಪೂರಾ ಬೆಳ್ಳಗ ಆಗಿತ್ತು. ನಾ ಹುಟ್ಟಿದಾಗಿಂದ ಹಂತಾದ್ದು ನೋಡಿಲ್ರಿ.

ಕಲ್ಯಾಣಪ್ಪ: ಕುಪ್ಪಸ ತಂದೀಯಲ್ಲ, ಒಳಗ ಕೊಡು. ಊಟ ಮಾಡಿ ಹೋಗು.

ಅವನು ಒಳಗೆ ಹೋದ. ಗಂಡಹೆಂಡತಿ ಇಬ್ಬರೇ ಉಳಿದರು. ಸುಮಿತ್ರಾಬಾಯಿಯ ಮಡಿಲಲ್ಲಿ ಅರೆ ಒಣಗಿದ ಸಂಡಿಗೆಯ ಗಂಟಿತ್ತು.

ಸುಮಿತ್ರಾಬಾಯಿ: ನನಗ ಗೊತ್ತಿತ್ತು. ಬೇಕಂತೇ ಹೇಳ್ಲಿಲ್ಲ.

ಕಲ್ಯಾಣಪ್ಪ: ಹೇಳೋದೇನು. ನಾ ನೋಡೀನಿ, ಆಳಂದ ಕಡಿ ಮೂಲಿಯಿಂದ ತಗದಿ.

ಸುಮಿತ್ರಾಬಾಯಿ: ನೋಡೀರಾ?

ಕಲ್ಯಾಣಪ್ಪ: ಹನ್ನೆರಡೂ ಹತ್ತಕ್ಕ. ಆವಾಗ ಹೊಂಟಿದ್ರ ಬರೋಬ್ಬರಿ ಮುಟ್ತಿದ್ದೆ.

ಸುಮಿತ್ರಾಬಾಯಿ: ಮತ್ತ ಯಾಕ ಹೋಗ್ಲಿಲ್ಲ?

ಮಾಸ್ತರರು ಶಲ್ಯ ಸರಿಪಡಿಸಿಕೊಂಡರು.

ಕಲ್ಯಾಣಪ್ಪ: ಹ್ಯಾಂಗ ಹೋಗ್ಲಿ? ಕೀಲಿ ನಿನ್ನ ಸಂಚ್ಯಾಗ ಇತ್ತಲ್ಲ.

ಸುಮಿತ್ರಾಬಾಯಿ ಸೊಂಟದ ಸಂಚಿಗೆ ಕೈ ಹಾಕಿದಳು. ಎರಡು ಅಡಿಕೆಹೋಳು, ಒಂದು ಸುಣ್ಣದ ಡಬ್ಬಿ. ಮುಂಜಾನೆಯ ಗಡಿಬಿಡಿಯಲ್ಲಿ ಕೀಲಿ ಇಸಿದುಕೊಳ್ಳುವುದನ್ನೇ ಮರೆತಿದ್ದಳು. ತಲೆಯೆತ್ತಿ ನೋಡಿದರೆ, ಗಂಡನ ಅಂಗಿಯ ಕಿಸೆಯಿಂದ ಕೀಲಿಯ ಕೆಂಪು ದಾರ ಹೊರಗೆ ಇಣುಕುತ್ತಿತ್ತು. ಅವಳು ಸಂಚಿಯ ಬಾಯಿ ಬಿಗಿದು ಕಟ್ಟಿದಳು.

ಸುಮಿತ್ರಾಬಾಯಿ: ಹೌದ್ರಿ. ನನ್ನ ಹತ್ರನ ಇತ್ತು.